ಧಾರವಾಡದ ಸ್ವಿಚ್ ಬಿದ್ದರೆ ಮಾನಿಟರ್ ‘ತಾರಿಹಾಳ’ ಅನ್ನುತ್ತದೆ! ಈ ಹೆಸರು ಬರುವುದು ಎಲ್ಲಿಂದ?

ಗೋಕುಲ ರೋಡ್
ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ತಲೆ ಮೊಸರು ಗಡಿಗೆ ಆಗಿದೆ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡುವ ಕಡೆ ಬೀಜ, ಗೊಬ್ಬರದ ವ್ಯಾಪಾರ. ಹೆಡ್ ಆಫೀಸ್ ಗೋಕುಲ ರೋಡಿನಲ್ಲಿ, ಗೋದಾಮು ತಾರಿಹಾಳದಲ್ಲಿ, ಬ್ರಾಂಚುಗಳು ಧಾರವಾಡ, ಗದಗ, ಹಾವೇರಿಯಲ್ಲಿ. ಐಟಿ ಅಂದರೆ ನಾನೊಬ್ಬನೇ. ಪ್ರಿಂಟರ್‌ನಲ್ಲಿ ಪೇಪರ್ ಸಿಕ್ಕಿಕೊಂಡರೂ ನನಗೇ ಫೋನ್. ಎರಡು ತಿಂಗಳ ಹಿಂದೆ ಹಳೇ ಡೆಸ್ಕ್‌ಟಾಪ್ ಒಂದಕ್ಕೆ ಉಬುಂಟು 22.04 ಹಾಕಿ ಲಿಬ್ರೆಎನ್‌ಎಂಎಸ್ ಕೂರಿಸಿದೆ, ನೆಟ್‌ವರ್ಕಿನಲ್ಲಿ ಏನು ಬಿದ್ದಿದೆ ಅಂತ ಕಣ್ಣಿಡುವ ಮಾನಿಟರ್ ಸಾಫ್ಟ್‌ವೇರ್ ಅದು. ಅದರ ಜೊತೆಗೇ ಬರುವ ಸ್ಕ್ಯಾನ್ ಸ್ಕ್ರಿಪ್ಟ್ ಓಡಿಸಿ ಸ್ವಿಚ್ (ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ), ರೂಟರ್, ಯುಪಿಎಸ್, ಡಿವಿಆರ್, ಬಯೋಮೆಟ್ರಿಕ್ ಎಲ್ಲ ಸೇರಿಸಿದೆ. ಒಟ್ಟು 140ರ ಹತ್ತಿರ.

ಕಳೆದ ಗುರುವಾರ ರಾತ್ರಿ 11.20ಕ್ಕೆ ಮೊಬೈಲಿಗೆ ಅಲರ್ಟ್ ಬಂತು: ತಾರಿಹಾಳ ಸ್ವಿಚ್ ಡೌನ್. ಹೊರಗೆ ಮಳೆ. ರೇನ್‌ಕೋಟ್ ಹಾಕಿಕೊಂಡು ಬೈಕಿನಲ್ಲಿ ಹೋದೆ. ವಾಚ್‌ಮನ್ ಕಾಕಾನನ್ನು ಎಬ್ಬಿಸಿ ಬೀಗ ತೆಗೆಸಿದರೆ ಸ್ವಿಚ್ಚಿನ ದೀಪಗಳೆಲ್ಲ ಮಿಣಮಿಣ ಅನ್ನುತ್ತಿವೆ. ಎಲ್ಲ ಸರಿ ಇದೆ. ವಾಪಸ್ ಬಂದು ಮಲಗಿದೆ. ಬೆಳಿಗ್ಗೆ ಧಾರವಾಡದಿಂದ ಫೋನ್, ಬಿಲ್ಲಿಂಗ್ ಓಪನ್ ಆಗುತ್ತಿಲ್ಲ ಅಂತ. ರಾತ್ರಿ ಬಿದ್ದಿದ್ದು ಅಲ್ಲಿನ ಸ್ವಿಚ್!

ಇದೊಂದೇ ಅಲ್ಲ. ಅರ್ಧ ಡಿವೈಸುಗಳು ಬರೀ ಐಪಿ ನಂಬರಿನಲ್ಲೇ ಕಾಣುತ್ತವೆ. ಕೆಲವನ್ನು ನಾನೇ ಕೈಯಾರೆ ಹೆಸರು ಕೊಟ್ಟು ಸೇರಿಸಲು ಹೋದರೆ ‘ಹೆಸರು ರಿಸಾಲ್ವ್ ಆಗುತ್ತಿಲ್ಲ’ ಅನ್ನುತ್ತದೆ, ಅಂದರೆ ಆ ಹೆಸರಿಗೆ ಐಪಿ ಸಿಗುತ್ತಿಲ್ಲ ಅಂತ. ಅದೇ ಹೆಸರಿಗೆ ನನ್ನ ವಿಂಡೋಸ್ ಲ್ಯಾಪ್‌ಟಾಪಿನಿಂದ ಪಿಂಗ್ (‘ಇದ್ದೀಯಾ’ ಅಂತ ಕೇಳುವ ಸಂದೇಶ) ಆರಾಮಾಗಿ ಹೋಗುತ್ತದೆ. ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್, ಡಿವೈಸುಗಳಿಗೆ ಐಪಿ ಹಂಚುವ ಡಿಎಚ್‌ಸಿಪಿ ಎರಡೂ ಹೆಡ್ ಆಫೀಸಿನ ವಿಂಡೋಸ್ ಸರ್ವರ್‌ನಲ್ಲೇ ಇವೆ. ಎಲ್ಲಿಂದ ಶುರು ಮಾಡಲಿ?

ಗಿರಮಿಟ್
ಹುಬ್ಬಳ್ಳಿಗೂ ಧಾರವಾಡಕ್ಕೂ ಎಸ್‌ಟಿಡಿ ಕೋಡ್ ಒಂದೇ, 0836. ಪಾಪ, ಸಾಫ್ಟ್‌ವೇರ್ ಏನು ಮಾಡಬೇಕು 😄

ಪಿಂಗ್ ಪುಣ್ಯಾತ್ಮ
ಸರ್ವರ್ ರೀಸ್ಟಾರ್ಟ್ ಮಾಡಿ ನೋಡಿದಿರಾ?

ಗೋಕುಲ ರೋಡ್
ಮೂರು ಸಲ.

ಕ್ರಿಂಪಿಂಗ್ ಕಾಕಾ
ತಮ್ಮಾ, ಮೊದಲು ಒಂದು ಮಾತು ತಿಳಿದುಕೋ. ನೀನು ಪರದೆ ಮೇಲೆ ನೋಡುವ ‘ಹೆಸರು’ ಒಂದೇ ಕಡೆಯಿಂದ ಬರುವುದಿಲ್ಲ. ನಮ್ಮ ಕಡೆ ಒಬ್ಬನಿಗೆ ಆಧಾರ್‌ನಲ್ಲಿ ಒಂದು ಹೆಸರು, ಮನೆಯಲ್ಲಿ ಒಂದು, ಗಲ್ಲಿಯಲ್ಲಿ ಒಂದು ಅಡ್ಡಹೆಸರು ಇರುತ್ತದಲ್ಲ, ಹಾಗೆ.

ಸ್ವಿಚ್ಚಿನ ಒಳಗೇ ಬರೆದಿಟ್ಟ ಹೆಸರು ಒಂದು. ಎಸ್‌ಎನ್‌ಎಂಪಿಯಲ್ಲಿ, ಅಂದರೆ ಮಾನಿಟರ್ ಡಿವೈಸುಗಳನ್ನು ವಿಚಾರಿಸುವ ಭಾಷೆಯಲ್ಲಿ, ಕೇಳಿದಾಗ ಅದು ಸಿಸ್‌ನೇಮ್ ಅಂತ ಬರುತ್ತದೆ. ಅದರ ನಂಬರ್ 1.3.6.1.2.1.1.5.0, ಯಾವ ಕಂಪನಿಯ ಸ್ವಿಚ್ ಆದರೂ ಇದೇ. ಎರಡನೆಯದು ಡಿಎನ್‌ಎಸ್‌ನಲ್ಲಿರುವ ಹೆಸರು. ಅದರಲ್ಲೂ ಎರಡು ದಿಕ್ಕು: ಹೆಸರಿನಿಂದ ಐಪಿಗೆ ಹೋಗುವುದು ಬೇರೆ, ಐಪಿಯಿಂದ ಹೆಸರಿಗೆ ಬರುವ ಪಿಟಿಆರ್ ಬೇರೆ. ಒಂದು ಇದೆ ಅಂದ ಮಾತ್ರಕ್ಕೆ ಇನ್ನೊಂದು ಇರುತ್ತದೆ ಅಂತಿಲ್ಲ. ಮೂರನೆಯದು ಸರ್ವರಿನ ಹೋಸ್ಟ್ಸ್ ಫೈಲ್, ಹೆಸರು-ಐಪಿ ಕೈಯಾರೆ ಬರೆದಿಡುವ ಪಟ್ಟಿ. ವಿಂಡೋಸ್ ಯಂತ್ರಗಳಿಗೆ ನೆಟ್‌ಬಯಾಸ್ ಹೆಸರು ಅಂತ ಬೇರೆ, ಅದೂ 15 ಅಕ್ಷರಕ್ಕೆ ಕತ್ತರಿಸಿಕೊಂಡು. ಇವೆಲ್ಲದರ ಮೇಲೆ ನೀನು ಸಾಫ್ಟ್‌ವೇರಿನಲ್ಲಿ ಕೈಯಾರೆ ಕೊಟ್ಟ ಡಿಸ್‌ಪ್ಲೇ ನೇಮ್.

ಪ್ರತಿ ತಪ್ಪು ಹೆಸರಿಗೂ ‘ಇದು ಯಾವ ಬಾವಿಯ ನೀರು’ ಅಂತ ಮೊದಲು ಕೇಳು. ಅದು ಗೊತ್ತಾಗದೆ ಏನನ್ನೂ ಮುಟ್ಟಬೇಡ. ಸಿಸ್‌ನೇಮ್ ತಪ್ಪಿರುವಾಗ ಡಿಎನ್‌ಎಸ್ ಎಷ್ಟು ತಿದ್ದಿದರೂ ಅಷ್ಟೇ.

ನೈಟ್ ಶಿಫ್ಟ್ ನವನಗರ
ಕಾಕಾ ಹೇಳಿದ್ದು ಸರಿ. ನನ್ನದು ಎರಡು ಪ್ರಶ್ನೆ.

ಒಂದು, ನಿಮ್ಮ ಒಳಗಿನ ಡೊಮೇನ್ ಕೊನೆಯಲ್ಲಿ ಏನಿದೆ? ಡಾಟ್ ಲೋಕಲ್ ಅಂತ ಇದೆಯಾ?

ಎರಡು, ಲಿನಕ್ಸ್ ಸರ್ವರ್ ಮೇಲೆ ಏನು ಕೊಟ್ಟು ಪರೀಕ್ಷೆ ಮಾಡಿದಿರಿ? ಡಿಗ್ ಮತ್ತು ಎನ್‌ಎಸ್‌ಲುಕಪ್ ಅನ್ನುವ ಕಮಾಂಡುಗಳು ನೇರವಾಗಿ ಡಿಎನ್‌ಎಸ್ ಸರ್ವರಿಗೆ ಹೋಗುತ್ತವೆ. ಹೋಸ್ಟ್ಸ್ ಫೈಲ್ ಕಡೆ ತಿರುಗಿಯೂ ನೋಡುವುದಿಲ್ಲ. ಸಾಫ್ಟ್‌ವೇರ್ ಹಾಗೆ ಹೋಗುವುದಿಲ್ಲ, ಅದು ಆಪರೇಟಿಂಗ್ ಸಿಸ್ಟಮ್ಮನ್ನು ಕೇಳುತ್ತದೆ. ಅದಕ್ಕೇ ‘ಡಿಗ್‌ನಲ್ಲಿ ಬರುತ್ತದೆ, ಮಾನಿಟರ್‌ನಲ್ಲಿ ಬರಲ್ಲ’ ಅಂತ ಜನ ಜಗಳ ಆಡುವುದು. ‘ಗೆಟೆಂಟ್ ಹೋಸ್ಟ್ಸ್’ ಅಂತ ಬರೆದು ಮುಂದೆ ಹೆಸರು ಕೊಡಿ. ಸಾಫ್ಟ್‌ವೇರಿಗೆ ಸಿಗುವುದು ಅದೇ ಉತ್ತರ.

ಕಪ್ಪತಗುಡ್ಡ
ಏನ್ರಿ ಇಷ್ಟು ಉದ್ದ! ಡಿಎನ್‌ಎಸ್ ಸಹವಾಸವೇ ಬೇಡ. ಎಲ್ಲವನ್ನೂ ಐಪಿ ಕೊಟ್ಟು ಸೇರಿಸಿ. ನಮ್ಮ ಗದಗದ ಕಡೆ ಗಾಳಿಯಂತ್ರದ ಸೈಟುಗಳಲ್ಲಿ ನಾನು ಹಾಗೇ ಮಾಡಿರುವುದು. ಮಾನಿಟರ್ ಇರುವುದೇ ಏನಾದರೂ ಕೆಟ್ಟಾಗ ಹೇಳಲಿಕ್ಕೆ. ಡಿಎನ್‌ಎಸ್ಸೇ ಕೆಟ್ಟರೆ 140 ಡಿವೈಸೂ ಒಟ್ಟಿಗೆ ಡೌನ್ ಅಂತ ಮೊಬೈಲು ಬಡಿದುಕೊಳ್ಳುತ್ತದೆ.

ಲೈನ್ ಬಜಾರ್
ಐಪಿ ಕೊಟ್ಟು ಸೇರಿಸಿದ್ದಕ್ಕೇ ಅವರಿಗೆ ಈ ಗತಿ ಬಂದಿರುವುದು ಅನ್ನಿಸುತ್ತದೆ. ರಾತ್ರಿ 11ಕ್ಕೆ ‘10.20.2.5 ಡೌನ್’ ಅಂತ ಬಂದರೆ ನಿದ್ದೆಗಣ್ಣಿನಲ್ಲಿ ಯಾವ ಊರು ಅಂತ ಹೇಳುತ್ತೀರಿ? ನಾಳೆ ರೂಟರ್ ಬದಲಾಗಿ ಐಪಿ ಬದಲಾದರೆ ಗ್ರಾಫೂ ಹೋಯಿತು.

ಕಪ್ಪತಗುಡ್ಡ
ನನಗೆ ಎಲ್ಲ ಐಪಿಯೂ ಬಾಯಿಪಾಠ ಇವೆ.

ಲೈನ್ ಬಜಾರ್
ನೀವು ರಜೆ ಹಾಕಿದ ದಿನ?

ಕಪ್ಪತಗುಡ್ಡ
ರಜೆ ಅಂದರೆ ಏನ್ರಿ? 😂

ಏಲಕ್ಕಿ ಹಾರ
ಹಾವೇರಿಯಿಂದ ಒಂದು ಕಥೆ. ನಮ್ಮಲ್ಲಿ ಮಾನಿಟರ್‌ನಲ್ಲಿ ‘ಸೇಲ್ಸ್ ಲ್ಯಾಪ್‌ಟಾಪ್ 07’ ಅಂತ ಒಂದಿತ್ತು. ಹಗಲೂ ರಾತ್ರಿ ಆನ್. ಭಾನುವಾರವೂ ಆನ್. ನಮ್ಮ ಮಾಲೀಕರು ಡ್ಯಾಶ್‌ಬೋರ್ಡ್ ನೋಡಿ ‘ಈ ಹುಡುಗ ಬಹಳ ದುಡಿಯುತ್ತಾನೆ’ ಅಂತ ಮೀಟಿಂಗ್‌ನಲ್ಲಿ ಹೊಗಳಿದರು. ಆ ಹುಡುಗ ಕೆಲಸ ಬಿಟ್ಟು ಆಗಲೇ ನಾಲ್ಕು ತಿಂಗಳಾಗಿತ್ತು.

ಆಗಿದ್ದು ಏನಂದರೆ, ಲ್ಯಾಪ್‌ಟಾಪ್ ಇದ್ದಾಗ ಅದು ಡಿಎನ್‌ಎಸ್‌ನಲ್ಲಿ ತನ್ನ ಹೆಸರು ತಾನೇ ಬರೆಸಿಕೊಂಡಿತ್ತು. ಅದು ಹೋದ ಮೇಲೆ ಅದೇ ಐಪಿಯನ್ನು ಬಾಗಿಲ ಬಳಿಯ ಬಯೋಮೆಟ್ರಿಕ್‌ಗೆ ಕೊಟ್ಟೆವು. ಬಯೋಮೆಟ್ರಿಕ್ ಪಾಪ ಯಾವ ಹೆಸರನ್ನೂ ಬರೆಸುವುದಿಲ್ಲ. ಹಳೇ ಪಿಟಿಆರ್ ಹಾಗೇ ಕೂತಿತ್ತು. ಸತ್ತವರ ಹೆಸರಿನಲ್ಲಿ ರೇಷನ್ ಕಾರ್ಡ್ ನಡೆದಂತೆ.

ವಿಂಡೋಸ್ ಡಿಎನ್‌ಎಸ್‌ನಲ್ಲಿ ಹಳೇ ದಾಖಲೆ ಗುಡಿಸಿ ಹಾಕುವ ಸ್ಕ್ಯಾವೆಂಜಿಂಗ್ ಅಂತ ಇದೆ. ತಾನಾಗಿ ಆನ್ ಇರುವುದಿಲ್ಲ, ನಾವೇ ಆನ್ ಮಾಡಬೇಕು. ಮಾಡಿದರೂ 7 ದಿನ ಮತ್ತು 7 ದಿನ, ಅಂದರೆ ಕಡಿಮೆ ಎಂದರೂ 14 ದಿನ ಕಳೆದ ಮೇಲೇ ಕಸ ಹೋಗುವುದು. ಗೋಕುಲ ರೋಡ್ ಅವರೇ, ನಿಮ್ಮದನ್ನೂ ನೋಡಿ.

ಗಿರಮಿಟ್
ಆ ಬಯೋಮೆಟ್ರಿಕ್‌ಗೆ ಇನ್‌ಕ್ರಿಮೆಂಟ್ ಕೊಟ್ಟರಾ?

ಗೋಕುಲ ರೋಡ್
@ನೈಟ್ ಶಿಫ್ಟ್ ಅಕ್ಕಾ, ಹೌದು, ಡೊಮೇನ್ ಕೊನೆಗೆ ಡಾಟ್ ಲೋಕಲ್ ಇದೆ. ನನಗಿಂತ ಮೊದಲು ಇದ್ದವರು ಇಟ್ಟಿದ್ದು.

ಗೆಟೆಂಟ್ ಕೊಟ್ಟೆ. ಏನೂ ಬರಲಿಲ್ಲ. ಖಾಲಿ ಸಾಲು. ಅದೇ ಹೆಸರನ್ನು ಡಿಗ್‌ಗೆ ಕೊಟ್ಟು, ವಿಂಡೋಸ್ ಸರ್ವರಿನ ಐಪಿಯನ್ನೇ ಕೇಳು ಅಂದರೆ ಸರಿಯಾದ ಉತ್ತರ ಬರುತ್ತದೆ. ಇದು ಯಾವ ಮಾಯೆ?

ನೈಟ್ ಶಿಫ್ಟ್ ನವನಗರ
ಮಾಯೆ ಏನಿಲ್ಲ, ಬಲು ಹಳೇ ಜಗಳ ಇದು.

ಡಾಟ್ ಲೋಕಲ್ ಅನ್ನುವ ಕೊನೆಯನ್ನು 2013ರಲ್ಲಿ ಆರ್‌ಎಫ್‌ಸಿ 6762 (ಇಂಟರ್‌ನೆಟ್ ನಿಯಮ ಬರೆದಿಡುವ ದಾಖಲೆ) ಬಂದಾಗ ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ ಅಂತ ಮೀಸಲಿಟ್ಟರು. ಅದರಲ್ಲಿ ಸರ್ವರ್ ಅಂತ ಯಾರೂ ಇರುವುದಿಲ್ಲ. 224.0.0.251 ಅನ್ನುವ ವಿಳಾಸಕ್ಕೆ, ಪೋರ್ಟ್ 5353ರಲ್ಲಿ ‘ಈ ಹೆಸರಿನವರು ಯಾರಪ್ಪಾ’ ಅಂತ ಓಣಿಯಲ್ಲಿ ನಿಂತು ಕೂಗುವುದು. ಆ ಕೂಗು ರೂಟರ್ ದಾಟುವುದಿಲ್ಲ. ಹುಬ್ಬಳ್ಳಿಯಲ್ಲಿ ಕೂಗಿದರೆ ಧಾರವಾಡಕ್ಕೆ ಕೇಳಿಸುವುದಿಲ್ಲ.

ಅದಕ್ಕೂ ಮೊದಲು ಸಣ್ಣ ಆಫೀಸಿನ ವಿಂಡೋಸ್ ಸರ್ವರ್‌ಗಳು ಡಾಟ್ ಲೋಕಲ್ ಅನ್ನೇ ಇಡುತ್ತಿದ್ದವು. ಆದ್ದರಿಂದ ನಿಮ್ಮ ಹಿಂದಿನವರ ತಪ್ಪೇನಲ್ಲ.

ಈಗ ಉಬುಂಟುವಿನ ಒಳಗೆ ಸಿಸ್ಟಮ್‌ಡಿ-ರಿಸಾಲ್ವ್ಡ್ ಅಂತ ಒಬ್ಬ ದಲ್ಲಾಳಿ ಕೂತಿರುತ್ತಾನೆ, 127.0.0.53ರಲ್ಲಿ. ಡಾಟ್ ಲೋಕಲ್ ಕಂಡ ಕೂಡಲೇ ‘ಇದು ಓಣಿಯ ಕೂಗಿನ ಹೆಸರು, ಡಿಎನ್‌ಎಸ್ ಸರ್ವರಿಗೆ ಯಾಕೆ ಕಳಿಸಲಿ’ ಅಂತ ಅಲ್ಲೇ ನಿಲ್ಲಿಸಿಬಿಡುತ್ತಾನೆ. ನೀವು ಡಿಗ್‌ನಲ್ಲಿ ದಲ್ಲಾಳಿಯನ್ನು ಬಿಟ್ಟು ನೇರ ಸರ್ವರಿಗೆ ಹೋದಿರಿ, ಸಿಕ್ಕಿತು. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಈ ದಲ್ಲಾಳಿಯೇ ಇಲ್ಲ.

ರಿಸಾಲ್ವ್ಡ್‌ನ ಕಾನ್ಫಿಗ್ ಫೈಲಿನಲ್ಲಿ ‘ಡೊಮೇನ್ಸ್’ ಅನ್ನುವ ಸಾಲು ಇರುತ್ತದೆ. ಅಲ್ಲಿ ನಿಮ್ಮ ಡೊಮೇನ್ ಪೂರ್ತಿ ಬರೆಯಿರಿ. ಡಿಎನ್‌ಎಸ್ ಸಾಲಿನಲ್ಲಿ ವಿಂಡೋಸ್ ಸರ್ವರಿನ ಐಪಿ. ಸರ್ವಿಸ್ ರೀಸ್ಟಾರ್ಟ್ ಮಾಡಿ ಗೆಟೆಂಟ್ ಮತ್ತೊಮ್ಮೆ ಕೊಡಿ.

ಪಿಂಗ್ ಪುಣ್ಯಾತ್ಮ
ನಾನು ರೀಸ್ಟಾರ್ಟ್ ಅಂದಾಗ ನಕ್ಕಿರಿ.

ಕಲಿಯುತ್ತಿದ್ದೇನೆ
ಅಕ್ಕಾ, ಒಂದು ದಡ್ಡ ಪ್ರಶ್ನೆ. 140 ತಾನೇ? ಎಲ್ಲವನ್ನೂ ಹೋಸ್ಟ್ಸ್ ಫೈಲಿನಲ್ಲೇ ಬರೆದುಬಿಟ್ಟರೆ ಆಗಲ್ವಾ? ಧಾರವಾಡದಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ, ಲ್ಯಾಬಿನಲ್ಲಿ ನಾವು ಹಾಗೇ ಮಾಡುವುದು.

ಕ್ರಿಂಪಿಂಗ್ ಕಾಕಾ
ದಡ್ಡ ಪ್ರಶ್ನೆ ಅಲ್ಲ. ಇಡೀ ಇಂಟರ್‌ನೆಟ್ ಒಂದು ಕಾಲಕ್ಕೆ ಹಾಗೇ ನಡೆಯುತ್ತಿತ್ತು. ಹೋಸ್ಟ್ಸ್ ಡಾಟ್ ಟಿಎಕ್ಸ್‌ಟಿ ಅಂತ ಒಂದೇ ಫೈಲು. ಅಮೆರಿಕದ ಎಸ್‌ಆರ್‌ಐ ಸಂಸ್ಥೆಯಲ್ಲಿ ಅದನ್ನು ಇಟ್ಟುಕೊಂಡಿದ್ದರು. ಹೊಸ ಯಂತ್ರ ಬಂದರೆ ಅವರಿಗೆ ತಿಳಿಸಬೇಕು, ಅವರು ಬರೆದ ಮೇಲೆ ಎಲ್ಲರೂ ಇಳಿಸಿಕೊಳ್ಳಬೇಕು. ಯಂತ್ರಗಳು ಜಾಸ್ತಿಯಾಗಿ ಕೈ ಮೀರಿದಾಗ 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಇವತ್ತಿಗೂ ನಡೆಯುತ್ತಿರುವ ಅದರ ಮೂಲ ನಿಯಮ 1987ರ ಆರ್‌ಎಫ್‌ಸಿ 1034, 1035.

140ಕ್ಕೆ ಹೋಸ್ಟ್ಸ್ ಫೈಲ್ ನಡೆಯುತ್ತದೆ. ಆದರೆ ಯಾರು ತಿದ್ದುತ್ತಾರೆ? ಮೊದಲ ತಿಂಗಳು ಉತ್ಸಾಹ, ಆಮೇಲೆ ಮರೆವು. ನಾನು ಹತ್ತು ಹನ್ನೆರಡು ಮುಖ್ಯ ಸ್ವಿಚ್, ರೂಟರ್ ಮಾತ್ರ ಅಲ್ಲಿ ಬರೆದಿಡುತ್ತೇನೆ. ಡಿಎನ್‌ಎಸ್ ಮಲಗಿದರೂ ಅವುಗಳ ಮೇಲೆ ಕಣ್ಣು ಇರಲಿ ಅಂತ.

ಗೋಕುಲ ರೋಡ್
ಅಕ್ಕಾ, ನಿಮ್ಮ ಬಾಯಿಗೆ ಪೇಡೆ! ಒಂದೇ ಸಾಲು. ಗೆಟೆಂಟ್ ಕೂಡಲೇ ಉತ್ತರ ಕೊಟ್ಟಿತು. ಎರಡು ವಾರ ನಾನು ಫೈರ್‌ವಾಲ್ ಅಗೆಯುತ್ತಾ ಕೂತಿದ್ದೆ.

ಇನ್ನೊಂದು. ಸ್ಕ್ಯಾನ್ ಮಾಡಿದಾಗ ಕೆಲವಕ್ಕೆ ಹೆಸರು, ಕೆಲವಕ್ಕೆ ಬರೀ ಐಪಿ ಯಾಕೆ ಬಂತು ಅಂತಲೂ ಗೊತ್ತಾಯಿತು. ಆ ಸ್ಕ್ರಿಪ್ಟ್ ಪ್ರತಿ ಐಪಿಗೂ ಪಿಟಿಆರ್ ಕೇಳುತ್ತದೆ. ಸಿಕ್ಕರೆ ಆ ಹೆಸರು, ಇಲ್ಲದಿದ್ದರೆ ಐಪಿಯೇ. ಹೆಡ್ ಆಫೀಸಿನ ರಿವರ್ಸ್ ಝೋನ್ (ಪಿಟಿಆರ್‌ಗಳನ್ನು ಇಡುವ ಜಾಗ) ಮಾತ್ರ ನಮ್ಮಲ್ಲಿದೆ. ಬ್ರಾಂಚುಗಳಿಗೆ ಯಾರೂ ಮಾಡಿಯೇ ಇಲ್ಲ. ವಿಂಡೋಸ್ ತಾನಾಗಿ ಮಾಡಿರುತ್ತದೆ ಅಂದುಕೊಂಡಿದ್ದೆ.

ಲೈನ್ ಬಜಾರ್
ಅದು ತಾನಾಗಿ ಮಾಡುವುದಿಲ್ಲ. ಮಾಡುವಾಗ ಅಂಕಿಗಳು ಹಿಂದುಮುಂದಾಗಿರುತ್ತವೆ, ಹುಷಾರು. 192.168.10ರ ಝೋನ್ ಹೆಸರು 10.168.192 ಅಂತ ಶುರುವಾಗಿ ‘ಇನ್-ಆಡರ್ ಡಾಟ್ ಆರ್ಪಾ’ ಅಂತ ಮುಗಿಯುತ್ತದೆ. ಒಬ್ಬರು ನೇರವಾಗಿ ಬರೆದು ಒಂದು ದಿನ ಪೂರ್ತಿ ಒದ್ದಾಡಿದ್ದು ನಾನು ನೋಡಿದ್ದೇನೆ. ಆ ಒಬ್ಬರು ನಾನೇ.

ಕಪ್ಪತಗುಡ್ಡ
ರಿವರ್ಸ್ ಝೋನ್ ಅಂದ ಕೂಡಲೇ ನೆನಪಾಯಿತು. ಹೋದ ವರ್ಷ ನೆಟ್‌ವರ್ಕಿನಲ್ಲಿ ಹರಿಯುವುದನ್ನು ಹಿಡಿದು ನೋಡುವ ಪ್ಯಾಕೆಟ್ ಕ್ಯಾಪ್ಚರ್ ಹಾಕಿ ಕೂತಿದ್ದೆ. ನೋಡಿದರೆ ಡಿಎನ್‌ಎಸ್ ಉತ್ತರಗಳಲ್ಲಿ ಪದೇಪದೇ ‘ಪ್ರಿಸನರ್ ಡಾಟ್ ಐಯಾನಾ ಡಾಟ್ ಆರ್ಗ್’! ಪ್ರಿಸನರ್ ಅಂದರೆ ಕೈದಿ. ಎದೆ ಧಸಕ್ ಅಂತು. ಹ್ಯಾಕ್ ಆಗಿದೆ ಅಂತ ರಾತ್ರೋರಾತ್ರಿ ಇಂಟರ್‌ನೆಟ್ ಕೇಬಲ್ ಕಿತ್ತು, ಸಾಹೇಬರಿಗೆ ಫೋನ್ ಮಾಡಿ, ಊರೆಲ್ಲ ಗದ್ದಲ ಎಬ್ಬಿಸಿದೆ.

ನೈಟ್ ಶಿಫ್ಟ್ ನವನಗರ
ಅಯ್ಯೋ 😂 ನೀವೊಬ್ಬರೇ ಅಲ್ಲ, ಅದಕ್ಕೆ ಹೆದರಿದವರು ಲೋಕದ ತುಂಬಾ ಇದ್ದಾರೆ. 10, 172.16, 192.168 ಇವು ಎಲ್ಲರ ಮನೆಯಲ್ಲೂ ಇರುವ ಖಾಸಗಿ ವಿಳಾಸಗಳು. ಇವುಗಳ ರಿವರ್ಸ್ ಪ್ರಶ್ನೆ ನಮ್ಮ ಡಿಎನ್‌ಎಸ್‌ನಲ್ಲೇ ಮುಗಿಯಬೇಕು. ಮುಗಿಯದೆ ಹೊರಗೆ ಸೋರಿದರೆ ಅವನ್ನು ಹಿಡಿದು ‘ಅಂಥದ್ದಿಲ್ಲ ಹೋಗಿ’ ಅನ್ನಲಿಕ್ಕೆ ಎಎಸ್ 112 ಅಂತ ಬೇರೆಯೇ ಸರ್ವರ್‌ಗಳಿವೆ. ಪ್ರಿಸನರ್ ಅನ್ನುವುದು ಅಲ್ಲಿಯ ಒಂದು ಹೆಸರು. ಜೊತೆಗೆ ಬ್ಲ್ಯಾಕ್‌ಹೋಲ್-1, ಬ್ಲ್ಯಾಕ್‌ಹೋಲ್-2 ಕೂಡ ಇವೆ.

ಕಪ್ಪತಗುಡ್ಡ
ಇದು ನನಗೆ ಮೂರು ದಿನ ಆದ ಮೇಲೆ ತಿಳಿಯಿತು. ಸಾಹೇಬರಿಗೆ ಇನ್ನೂ ಹೇಳಿಲ್ಲ. ಅವರು ಈಗಲೂ ನಾನು ಹ್ಯಾಕರ್‌ಗಳನ್ನು ಓಡಿಸಿದೆ ಅಂದುಕೊಂಡಿದ್ದಾರೆ.

ಗಿರಮಿಟ್
ಹೇಳಬೇಡಿ. ಚೆನ್ನಾಗಿದೆ.

ಕಲಿಯುತ್ತಿದ್ದೇನೆ
ನಾನೊಂದು ಸಲಹೆ ಕೊಡಲಾ? ಗೋಕುಲ ರೋಡ್ ಅಣ್ಣಾ, ಉಬುಂಟುವಿನಲ್ಲಿ ಎರಡನೇ ಡಿಎನ್‌ಎಸ್ ಆಗಿ ಗೂಗಲ್‌ನ 8.8.8.8 ಹಾಕಿಬಿಡಿ. ಮೊದಲನೆಯದು ಬಿದ್ದರೆ ಅದು ಹಿಡಿದುಕೊಳ್ಳುತ್ತದೆ.

ಕ್ರಿಂಪಿಂಗ್ ಕಾಕಾ
ಬೇಡ ಬೇಡ ಬೇಡ.

ನೈಟ್ ಶಿಫ್ಟ್ ನವನಗರ
ಕಾಕಾ ಮೂರು ಸಲ ಬೇಡ ಅಂದರೆ ಕಾರಣ ಇದೆ. 8.8.8.8ಕ್ಕೆ ನಿಮ್ಮ ಧಾರವಾಡದ ಸ್ವಿಚ್ ಹೆಸರು ಗೊತ್ತಿಲ್ಲ. ಕೇಳಿದರೆ ಸುಮ್ಮನೂ ಇರುವುದಿಲ್ಲ, ‘ಆ ಹೆಸರೇ ಇಲ್ಲ’ ಅಂತ ಖಚಿತವಾಗಿ ಹೇಳುತ್ತದೆ. ಕೇಳಿದವರಿಗೆ ಅದೂ ಒಂದು ಉತ್ತರವೇ. ಉತ್ತರ ಸಿಕ್ಕಿತಲ್ಲ ಅಂತ ಅಲ್ಲಿಗೇ ನಿಲ್ಲಿಸುತ್ತದೆ, ಇನ್ನೊಬ್ಬರನ್ನು ಕೇಳುವುದಿಲ್ಲ. ಮೇಲಾಗಿ ‘ಇಲ್ಲ’ ಅನ್ನುವುದನ್ನೂ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಎರಡನೆಯದು ಬೇಕಿದ್ದರೆ ಅದಕ್ಕೂ ಒಳಗಿನ ಹೆಸರುಗಳೆಲ್ಲ ಗೊತ್ತಿರಬೇಕು.

ಏಲಕ್ಕಿ ಹಾರ
ನಾವು ಇದನ್ನೇ ಮಾಡಿದ್ದೆವು. ಬೆಳಿಗ್ಗೆ ಹೆಸರು ಬರುತ್ತಿತ್ತು, ಮಧ್ಯಾಹ್ನ ಮಾಯ, ಸಂಜೆ ಮತ್ತೆ ಹಾಜರ್. ದೆವ್ವ ಬಡಿದಿದೆ ಅಂದರು ಅಕೌಂಟ್ಸ್‌ನವರು.

ಗೋಕುಲ ರೋಡ್
ಸರಿ, ಹಾಕುವುದಿಲ್ಲ. ಈಗ ಮುಖ್ಯ ವಿಷಯ. ಧಾರವಾಡದ ಸ್ವಿಚ್ ಇನ್ನೂ ತಾರಿಹಾಳ ಅಂತಲೇ ತೋರಿಸುತ್ತಿದೆ. ಡಿಎನ್‌ಎಸ್ ಸರಿಯಾಯಿತು, ರಿವರ್ಸ್ ಝೋನ್ ಮಾಡಿದೆ, ಪಿಟಿಆರ್‌ನಲ್ಲಿ ಧಾರವಾಡ ಅಂತಲೇ ಬರೆದೆ. ಪಟ್ಟಿಯಲ್ಲಿ ಮಾತ್ರ ಎರಡು ತಾರಿಹಾಳ.

ಕ್ರಿಂಪಿಂಗ್ ಕಾಕಾ
ಬಾವಿ ಯಾವುದು ಅಂತ ನೋಡಿದೆಯಾ? ಸರ್ವರಿನಿಂದ ಆ ಐಪಿಗೆ ಎಸ್‌ಎನ್‌ಎಂಪಿಗೆಟ್ ಕಮಾಂಡ್ ಕೊಡು. ಮೇಲೆ ಬರೆದ ಸಿಸ್‌ನೇಮ್ ನಂಬರ್ ಹಾಕು. ಏನು ಬರುತ್ತದೋ ಹಾಗೇ ಇಲ್ಲಿ ಬರೆ.

ಇನ್ನೊಂದು, ನಿನ್ನ ಸೆಟ್ಟಿಂಗ್‌ನಲ್ಲಿ ‘ಹೋಸ್ಟ್‌ನೇಮ್ ಜಾಗದಲ್ಲಿ ಐಪಿ ಇದ್ದರೆ ಸಿಸ್‌ನೇಮ್ ತೋರಿಸು’ ಅನ್ನುವ ಆಯ್ಕೆ ಹಾಕಿದ್ದೀಯೇನು?

ಗೋಕುಲ ರೋಡ್
ಹಾಕಿದ್ದೇನೆ. ಬರೀ ನಂಬರ್ ನೋಡಿ ಬೇಜಾರಾಗಿ ಮೊದಲ ವಾರವೇ ಹಾಕಿದ್ದೆ.

ಎಸ್‌ಎನ್‌ಎಂಪಿಗೆಟ್ ಕೊಟ್ಟೆ. ಧಾರವಾಡದ ಐಪಿಯಿಂದ ಬಂದ ಉತ್ತರ: ‘ಟಿಆರ್‌ಎಚ್-ಎಸ್‌ಡಬ್ಲ್ಯು-01’. ಅಂದರೆ ಸ್ವಿಚ್ಚೇ ತನ್ನನ್ನು ತಾರಿಹಾಳ ಅಂತ ಕರೆದುಕೊಳ್ಳುತ್ತಿದೆ.

ಬರೆಯುತ್ತಾ ಬರೆಯುತ್ತಾ ಹೊಳೆಯಿತು. ಕಳೆದ ತಿಂಗಳು ಸಿಡಿಲಿಗೆ ಧಾರವಾಡದ ಸ್ವಿಚ್ ಸುಟ್ಟಿತ್ತು. ಕಪಾಟಿನಲ್ಲಿ ಅದೇ ಮಾಡೆಲ್ಲಿನ ಒಂದು ಸ್ಪೇರ್ ಇತ್ತು. ಅವಸರ. ವಿಲ್ಯಾನ್ ಸೆಟ್ಟಿಂಗ್ ಎಲ್ಲ ಮತ್ತೆ ಯಾರು ಬರೆಯುತ್ತಾರೆ ಅಂತ ತಾರಿಹಾಳದ ಬ್ಯಾಕಪ್ ಫೈಲ್ ಅದಕ್ಕೆ ಏರಿಸಿ, ಐಪಿ ಮಾತ್ರ ಬದಲಿಸಿ, ಬಸ್ಸಿನಲ್ಲಿ ಕಳಿಸಿದೆ.

ಮಾಡಿದವನು ನಾನೇ. ಮಳೆಯಲ್ಲಿ ನೆನೆದವನೂ ನಾನೇ.

ಗಿರಮಿಟ್
ವಾಚ್‌ಮನ್ ಕಾಕಾನ ನಿದ್ದೆ?

ಕ್ರಿಂಪಿಂಗ್ ಕಾಕಾ
ಎಲ್ಲರೂ ಮಾಡಿರುವ ತಪ್ಪೇ ಬಿಡು. ಹೊಸದಾಗಿ ಸೇರಿಸಲು ಹೋಗಿದ್ದರೆ ‘ಈ ಸಿಸ್‌ನೇಮಿನದು ಆಗಲೇ ಒಂದಿದೆ’ ಅಂತ ಲಿಬ್ರೆಎನ್‌ಎಂಎಸ್ ತಡೆಯುತ್ತಿತ್ತು. ನಿನ್ನದು ಹಳೇ ಐಪಿ, ಹಳೇ ದಾಖಲೆ, ಒಳಗಿನ ಪೆಟ್ಟಿಗೆ ಮಾತ್ರ ಹೊಸದು. ಅದಕ್ಕೇ ಗೊತ್ತಾಗಲಿಲ್ಲ.

ಸ್ವಿಚ್ಚಿನಲ್ಲಿ ಹೋಸ್ಟ್‌ನೇಮ್ ಬದಲಿಸು. ಸಿಸ್‌ಲೊಕೇಶನ್ ಅಂತ ಒಂದಿರುತ್ತದೆ, ಅದರಲ್ಲಿ ಕಟ್ಟಡ, ಮಹಡಿ, ರ‍್ಯಾಕ್ ಬರೆ. ಬದಲಿಸಿದ ಮೇಲೆ ಸೇವ್ ಮಾಡುವುದು ಮರೆಯಬೇಡ.

ಗೋಕುಲ ರೋಡ್
ಬದಲಿಸಿದೆ ಕಾಕಾ! ಈಗ ಧಾರವಾಡ ಅಂತ ಬರುತ್ತಿದೆ. ಎಲ್ಲರಿಗೂ ಥ್ಯಾಂಕ್ಸ್.

ಗೋಕುಲ ರೋಡ್
ಮಾರನೇ ದಿನ. ಧಾರವಾಡದಲ್ಲಿ ಒಂದು ಗಂಟೆ ಕರೆಂಟ್ ಹೋಯಿತು, ಯುಪಿಎಸ್ ಕೈ ಕೊಟ್ಟಿತು. ಕರೆಂಟ್ ಬಂದ ಮೇಲೆ ಮತ್ತೆ ತಾರಿಹಾಳ.

ಕ್ರಿಂಪಿಂಗ್ ಕಾಕಾ
ಸೇವ್ ಮಾಡಲಿಲ್ಲ.

ಗೋಕುಲ ರೋಡ್
ಮಾಡಲಿಲ್ಲ.

ಲೈನ್ ಬಜಾರ್
ಈಗ ಹೆಸರಿಡುವ ಪದ್ಧತಿ ಒಂದು ಮಾಡಿಕೊಳ್ಳಿ. ಊರು, ಕಟ್ಟಡ, ಏನು, ಎಷ್ಟನೆಯದು. ಊರಿಗೆ ರೈಲ್ವೆ ಸ್ಟೇಷನ್ ಕೋಡ್ ಹಾಕಿ, ಎಲ್ಲರಿಗೂ ಗೊತ್ತು. ಹುಬ್ಬಳ್ಳಿಗೆ ಯುಬಿಎಲ್, ಧಾರವಾಡಕ್ಕೆ ಡಿಡಬ್ಲ್ಯುಆರ್, ಗದಗಕ್ಕೆ ಜಿಡಿಜಿ, ಹಾವೇರಿಗೆ ಎಚ್‌ವಿಆರ್.

ಏಲಕ್ಕಿ ಹಾರ
ಹುಬ್ಬಳ್ಳಿಗೆ ಯುಬಿಎಲ್ ಅಂದರೆ ಹೊಸಬರಿಗೆ ತಿಳಿಯುತ್ತದಾ? ವಿಮಾನ ನಿಲ್ದಾಣದ್ದು ಎಚ್‌ಬಿಎಕ್ಸ್. ನಮ್ಮ ಹಳೇ ಕಂಪನಿಯಲ್ಲಿ ಒಬ್ಬರು ಯುಬಿಎಲ್, ಇನ್ನೊಬ್ಬರು ಎಚ್‌ಬಿಎಕ್ಸ್, ಮತ್ತೊಬ್ಬರು ತಮ್ಮದೇ ಎಚ್‌ಬಿಎಲ್ ಅಂತ ಹಾಕಿ, ಒಂದೇ ಕಟ್ಟಡದ ಮೂರು ಸ್ವಿಚ್ ಮೂರು ಊರಿನಲ್ಲಿ ಇದ್ದಂತೆ ಕಾಣುತ್ತಿತ್ತು.

ಕಪ್ಪತಗುಡ್ಡ
ಆರ್‌ಟಿಓ ನಂಬರ್ ಹಾಕಿ. ಧಾರವಾಡ 25, ಗದಗ 26, ಹಾವೇರಿ 27, ಹುಬ್ಬಳ್ಳಿ 63. ಗಾಡಿ ನೋಡಿದರೆ ಚಿಕ್ಕ ಮಕ್ಕಳೂ ಊರು ಹೇಳುತ್ತಾರೆ.

ಲೈನ್ ಬಜಾರ್
ಹುಬ್ಬಳ್ಳಿಯಲ್ಲಿ 25ರ ಹಳೇ ಗಾಡಿಗಳು ಇನ್ನೂ ಎಷ್ಟು ಓಡಾಡುತ್ತಿವೆ ಗೊತ್ತಾ? 63 ಬಂದಿದ್ದು ಆಮೇಲೆ.

ಗಿರಮಿಟ್
ಊರಿನ ಹೆಸರೇ 2014ರ ನವೆಂಬರ್ 1ಕ್ಕೆ ಹುಬ್ಳಿಯಿಂದ ಹುಬ್ಬಳ್ಳಿ ಆಯಿತು. ಸ್ಟೇಷನ್ ಕೋಡ್ ಮಾತ್ರ ಯುಬಿಎಲ್ಲೇ ಉಳಿದಿದೆ. ಹಳೇ ಪಿಟಿಆರ್ ಅಂದರೆ ಇದೇ ಅಲ್ವಾ?

ನೈಟ್ ಶಿಫ್ಟ್ ನವನಗರ
ಯಾವುದಾದರೂ ಇಡಿ, ಎಲ್ಲರೂ ಅದನ್ನೇ ಇಡಿ. ಅಂಡರ್‌ಸ್ಕೋರ್ ಮಾತ್ರ ಬೇಡ, ಹೋಸ್ಟ್‌ನೇಮ್ ನಿಯಮದಲ್ಲಿ ಅದಕ್ಕೆ ಜಾಗ ಇಲ್ಲ. ಒಂದು ಕಡೆ ನಡೆಯುತ್ತದೆ, ಇನ್ನೊಂದು ಕಡೆ ಒದೆಯುತ್ತದೆ. ಹೈಫನ್ ಹಾಕಿ. ನೆಟ್‌ಬಯಾಸ್ ನೆನಪಿಟ್ಟು 15 ಅಕ್ಷರದೊಳಗೆ ಮುಗಿಸಿ. ಡೊಮೇನ್ ಯಾವತ್ತಾದರೂ ಹೊಸದಾಗಿ ಕಟ್ಟಿದರೆ ಡಾಟ್ ಲೋಕಲ್ ಬಿಟ್ಟುಬಿಡಿ. ಡಾಟ್ ಇಂಟರ್ನಲ್ ಅನ್ನು ಡೊಮೇನ್ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 2024ರಲ್ಲಿ ಇದಕ್ಕೆಂದೇ ಮೀಸಲಿಟ್ಟಿದೆ.

ಐಪಿಯೋ ಹೆಸರೋ ಅಂತ ಮೇಲೆ ಜಗಳ ಆಡಿದಿರಲ್ಲ, ಅದಕ್ಕೂ ದಾರಿ ಇದೆ. ಡಿವೈಸನ್ನು ಹೆಸರಿನಲ್ಲೇ ಇಟ್ಟುಕೊಂಡು, ಎಡಿಟ್ ಪುಟದಲ್ಲಿ ‘ಓವರ್‌ರೈಟ್ ಐಪಿ’ ಅನ್ನುವ ಕಡೆ ಐಪಿ ಹಾಕಿ. ತೋರಿಸುವುದು ಹೆಸರು, ಹೋಗಿ ಕೇಳುವುದು ಐಪಿಗೆ. ಡಿಎನ್‌ಎಸ್ ಮಲಗಿದರೂ ತೊಂದರೆ ಇಲ್ಲ.

ಕಪ್ಪತಗುಡ್ಡ
ಇದು ಗೊತ್ತಿರಲಿಲ್ಲ. ಸೋತೆ ಅಂತ ಮಾತ್ರ ಬರೆಯುವುದಿಲ್ಲ.

ಕ್ರಿಂಪಿಂಗ್ ಕಾಕಾ
ಹೆಸರು ಬದಲಿಸುವಾಗ ಹಳೆಯದನ್ನು ಡಿಲೀಟ್ ಮಾಡಿ ಹೊಸದು ಸೇರಿಸಬೇಡ ತಮ್ಮಾ. ಗ್ರಾಫಿನ ಫೈಲುಗಳು ಹೋಸ್ಟ್‌ನೇಮ್ ಹೆಸರಿನ ಫೋಲ್ಡರಿನಲ್ಲಿ ಇರುತ್ತವೆ. ಎರಡು ತಿಂಗಳ ಇತಿಹಾಸ ಹೋಗುತ್ತದೆ. ರೀನೇಮ್ ಸೌಲಭ್ಯ ಇದೆ, ಅದನ್ನೇ ಬಳಸು.

ಪಿಂಗ್ ಪುಣ್ಯಾತ್ಮ
ನಾವು ಝಾಬಿಕ್ಸ್ ಅನ್ನುವ ಬೇರೆ ಮಾನಿಟರ್ ಬಳಸುತ್ತೇವೆ. ಅಲ್ಲಿಯೂ ಇಂಥದ್ದೇ ಗೋಳು. ಯಂತ್ರದ ಮೇಲೆ ಕೂರಿಸುವ ಏಜೆಂಟಿನ ಕಾನ್ಫಿಗ್‌ನಲ್ಲಿ ಬರೆದ ಹೋಸ್ಟ್‌ನೇಮ್ ಮತ್ತು ಸರ್ವರಿನಲ್ಲಿ ಕೊಟ್ಟ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ದೊಡ್ಡಕ್ಷರ ಚಿಕ್ಕಕ್ಷರ ಬದಲಾದರೂ ಆಕ್ಟಿವ್ ಚೆಕ್ (ಏಜೆಂಟ್ ತಾನಾಗಿ ವರದಿ ಕಳಿಸುವುದು) ನಡೆಯುವುದಿಲ್ಲ. ರೀಸ್ಟಾರ್ಟ್ ಮಾಡಿದರೂ.

ಗೋಕುಲ ರೋಡ್
ಭಾನುವಾರ ಕೂತು ಎಲ್ಲ ರೀನೇಮ್ ಮಾಡಿದೆ. ಸ್ಟೇಷನ್ ಕೋಡೇ ಇಟ್ಟೆ. ಹಾವೇರಿಯವರು ಹೇಳಿದ ಹಾಗೆ ಹಳೇ ಪಿಟಿಆರ್ ಗುಡಿಸಿದೆ, ಕೆಲಸ ಬಿಟ್ಟವರ ಲ್ಯಾಪ್‌ಟಾಪ್ 11 ಸಿಕ್ಕವು. ಸೇವ್ ಮಾಡಿದೆ, ಎರಡೆರಡು ಸಲ.

ಒಂದೇ ಒಂದು ಉಳಿದಿದೆ. ಧಾರವಾಡದಲ್ಲಿ 77ಕ್ಕೆ ಮುಗಿಯುವ ಐಪಿ. ಎಸ್‌ಎನ್‌ಎಂಪಿ ಇಲ್ಲ, ಪಿಟಿಆರ್ ಇಲ್ಲ. ಸ್ಕ್ಯಾನ್ ಮಾಡುವಾಗ ‘ಪಿಂಗ್‌ಗೆ ಉತ್ತರಿಸಿದರೂ ಸೇರಿಸು’ ಅಂತ ಕೊಟ್ಟಿದ್ದೆ, ಹಾಗೆ ಒಳಗೆ ಬಂದಿದೆ. ಬೆಳಿಗ್ಗೆ ಹತ್ತಕ್ಕೆ ಆನ್, ಸಂಜೆ ಆರಕ್ಕೆ ಆಫ್. ಯಾರನ್ನು ಕೇಳಿದರೂ ನಮ್ಮದಲ್ಲ ಅನ್ನುತ್ತಾರೆ.

ಲೈನ್ ಬಜಾರ್
ರೂಟರಿನ ಎಆರ್‌ಪಿ ಪಟ್ಟಿಯಲ್ಲಿ (ಯಾವ ಐಪಿ ಯಾವ ಯಂತ್ರದ್ದು ಅಂತ ಇರುವುದು) ಆ ಐಪಿಯ ಮ್ಯಾಕ್, ಅಂದರೆ ಯಂತ್ರದ ನೆಟ್‌ವರ್ಕ್ ಕಾರ್ಡಿನ ನಂಬರ್, ತೆಗೆಯಿರಿ. ಅದರ ಮೊದಲ ಆರು ಅಂಕಿ-ಅಕ್ಷರ ನೋಡಿದರೆ ಯಾವ ಕಂಪನಿಯದು ಅಂತ ತಿಳಿಯುತ್ತದೆ. ಆಮೇಲೆ ಸ್ವಿಚ್ಚಿನ ಮ್ಯಾಕ್ ಟೇಬಲ್‌ನಲ್ಲಿ ಯಾವ ಪೋರ್ಟ್ ಅಂತ ಹುಡುಕಿ. ಫೋನ್ ಆಗಿದ್ದರೆ ಕಷ್ಟ, ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ವೈಫೈಗೆ ಸುಳ್ಳು ಮ್ಯಾಕ್ ಕೊಡುತ್ತವೆ.

ಗೋಕುಲ ರೋಡ್
ಟಿವಿ ಮಾಡುವ ಕಂಪನಿಯ ಮ್ಯಾಕ್ ಅದು. ಪೋರ್ಟ್ 19. ಆ ಬ್ರಾಂಚಿನಲ್ಲಿ ಟಿವಿಯೇ ಇಲ್ಲ ಅಂತ ರಿಜಿಸ್ಟರ್‌ನಲ್ಲಿ ಇದೆ.

ಗಿರಮಿಟ್
ಪೋರ್ಟ್ ಬಂದ್ ಮಾಡಿ. ಯಾರು ಕೂಗುತ್ತಾರೋ ಅವರದ್ದು.

ಗೋಕುಲ ರೋಡ್
3.10ಕ್ಕೆ ಬಂದ್ ಮಾಡಿದೆ. ಇನ್ನೂ ಯಾರೂ ಫೋನ್ ಮಾಡಿಲ್ಲ.

ಗೋಕುಲ ರೋಡ್
3.14. ಮ್ಯಾನೇಜರ್. ‘ನೆಟ್ ಸ್ಲೋ ಇದೆ ಏನ್ರಿ’ ಅಂದರು. ಹಿಂದೆ ಯಾರೋ ‘ಎಷ್ಟು ವಿಕೆಟ್ ಹೋದವು’ ಅಂತ ಕೇಳುತ್ತಿದ್ದರು.